ವಯೋವೃದ್ಧರಲ್ಲಿ ಮೇದೋಜೀರಕ ಗ್ರಂಥಿಯ ಸಿಸ್ಟ್: ಶಸ್ತ್ರಚಿಕಿತ್ಸೆಯಿಲ್ಲದ ಚಿಕಿತ್ಸಾ ಕ್ರಮಗಳು

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ ಇರುವ ಸುಮಾರು 15 ಸೆಂ.ಮೀ. ಉದ್ದದ ಅಂಗ. ಆಹಾರವನ್ನು ಜೀರ್ಣಿಸುವ ರಸಗಳನ್ನೂ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಇದು ಉತ್ಪಾದಿಸುತ್ತದೆ. ಈ ಗ್ರಂಥಿಯ ಒಳಗಾಗಲಿ ಹೊರಮೈಯಲ್ಲಾಗಲಿ ದ್ರವ ತುಂಬಿದ ಚೀಲವು ಉಂಟಾದಲ್ಲಿ ಅದನ್ನು ವೈದ್ಯರು ಸಿಸ್ಟ್ ಎಂದು ಕರೆಯುತ್ತಾರೆ.

ಹಿರಿಯರಲ್ಲಿ ಬಹುಪಾಲು ಸಿಸ್ಟ್‌ಗಳು ಪತ್ತೆಯಾಗುವುದು ಆಕಸ್ಮಿಕವಾಗಿ. ಮೂತ್ರಪಿಂಡದ ಕಲ್ಲಿಗೋ ಬೆನ್ನುನೋವಿಗೋ ಮಾಡಿಸಿದ ಸ್ಕ್ಯಾನ್ ವರದಿಯ ಕೊನೆಯಲ್ಲಿ ಒಂದು ಸಾಲು ಕಾಣುತ್ತದೆ. ಅದನ್ನೋದಿದ ಮನೆಯವರು ಕ್ಯಾನ್ಸರ್ ಎಂದೇ ಭಾವಿಸಿ ಕಂಗಾಲಾಗುತ್ತಾರೆ. ವಯಸ್ಸಾದಂತೆ ಇಂತಹ ಸಿಸ್ಟ್‌ಗಳು ಹೆಚ್ಚುವುದು ಸಾಮಾನ್ಯ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 2,832 ಸಿ.ಟಿ. ಸ್ಕ್ಯಾನ್‌ಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಶೇ. 2.6ರಷ್ಟು ಜನರಲ್ಲಿ ಸಿಸ್ಟ್ ಕಂಡುಬಂದರೆ, 80ರಿಂದ 89ರ ವಯೋಮಾನದವರಲ್ಲಿ ಈ ಪ್ರಮಾಣ ಶೇ. 8.7ರಷ್ಟಿತ್ತು. ಇವುಗಳಲ್ಲಿ ಹೆಚ್ಚಿನವು ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಸಿಸ್ಟ್ ಯಾವ ಬಗೆಯದು?

ಚಿಕಿತ್ಸೆಯ ನಿರ್ಧಾರವೆಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿದೆ. ಮೇದೋಜೀರಕ ಗ್ರಂಥಿಯ ಉರಿಯೂತದ ನಂತರ ರಸವು ಸೋರಿ, ಸುತ್ತ ಗೋಡೆ ಕಟ್ಟಿಕೊಂಡು ಉಂಟಾಗುವುದು ಹುಸಿ ಸಿಸ್ಟ್. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇಂತಹ ಉರಿಯೂತದ ಮುಖ್ಯ ಕಾರಣಗಳು. ಹುಸಿ ಸಿಸ್ಟ್ ಕ್ಯಾನ್ಸರ್ ಆಗುವುದಿಲ್ಲ. ತಿಳಿ ದ್ರವದ ಸೀರಸ್ ಸಿಸ್ಟ್ ವಯಸ್ಸಾದ ಮಹಿಳೆಯರಲ್ಲಿ ಹೆಚ್ಚು. ಇದು ಕ್ಯಾನ್ಸರ್ ಆಗಿ ಬದಲಾಗುವುದು ಅತಿ ವಿರಳ. ಲೋಳೆಯುಳ್ಳ ಸಿಸ್ಟ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಇವುಗಳಲ್ಲಿ ಐಪಿಎಂಎನ್ ಎಂಬುದು ಹಿರಿಯರಲ್ಲಿ ಸಾಮಾನ್ಯ. ಅದು ಗ್ರಂಥಿಯ ಮುಖ್ಯ ನಾಳದಲ್ಲಿದ್ದರೆ ಅಪಾಯ ಹೆಚ್ಚು, ಕವಲು ನಾಳದಲ್ಲಿದ್ದರೆ ಬಹಳ ಕಡಿಮೆ.

ಬಗೆಯನ್ನು ಗುರುತಿಸಲು ಎಂ.ಆರ್.ಐ. ಸ್ಕ್ಯಾನಿನ ಒಂದು ವಿಧಾನವಾದ ಎಂ.ಆರ್.ಸಿ.ಪಿ. ಹೆಚ್ಚು ಸಹಾಯಕ. ಇದರಲ್ಲಿ ವಿಕಿರಣವಿಲ್ಲ. ಔಷಧದ ಚುಚ್ಚುಮದ್ದಿಲ್ಲದೆಯೂ ಇದನ್ನು ಮಾಡಬಹುದಾದ್ದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೂ ಅನುಕೂಲ. ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮುಂಚಿತವಾಗಿಯೇ ತಿಳಿಸತಕ್ಕದ್ದು. ಸಂಶಯ ಉಳಿದಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ, ಅಂದರೆ ಬಾಯಿಯಿಂದ ಇಳಿಸಿದ ಕೊಳವೆಯ ತುದಿಯ ಸ್ಕ್ಯಾನ್ ನೆರವಿನಿಂದ, ಸೂಜಿಯಲ್ಲಿ ದ್ರವವನ್ನು ತೆಗೆದು ಪರೀಕ್ಷಿಸಲಾಗುತ್ತದೆ. ದ್ರವದಲ್ಲಿ ಸಿ.ಇ.ಎ. ಅಂಶ ಹೆಚ್ಚಿದ್ದು ಗ್ಲೂಕೋಸ್ ಕಡಿಮೆಯಿದ್ದಲ್ಲಿ ಅದು ಲೋಳೆಯ ಸಿಸ್ಟ್ ಆಗಿರುವ ಸಂಭವ ಹೆಚ್ಚು.

ಕಾದು ನೋಡುವುದೂ ಒಂದು ಚಿಕಿತ್ಸೆ

ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ದೊಡ್ಡದು. ಅನುಭವವುಳ್ಳ ಕೇಂದ್ರಗಳಲ್ಲಿಯೂ ರಸ ಸೋರಿಕೆ, ಸೋಂಕು, ರಕ್ತಸ್ರಾವ ಉಂಟಾಗಬಹುದು; ಹೃದ್ರೋಗ, ಮಧುಮೇಹ, ನಿಶ್ಶಕ್ತಿಯಿರುವ ಹಿರಿಯರಿಗೆ ಚೇತರಿಕೆ ಇನ್ನೂ ಕಷ್ಟ. ಮುಂದಿನ ಹತ್ತು ವರ್ಷಗಳಲ್ಲಿ ಬಾರದೆಯೂ ಇರಬಹುದಾದ ಕಾಯಿಲೆಗಾಗಿ ಇಂದೇ ಅಂತಹ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ ಎಂಬುದನ್ನು ತೂಗಿ ನೋಡಬೇಕಾಗುತ್ತದೆ.

ಆದುದರಿಂದ ಅಪಾಯದ ಚಿಹ್ನೆಗಳಿಲ್ಲದ ಸಿಸ್ಟ್‌ಗಳನ್ನು ನಿಯತಕಾಲಿಕವಾಗಿ ಸ್ಕ್ಯಾನ್ ಮಾಡಿ ಗಮನಿಸಲಾಗುತ್ತದೆ. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ಯೋಟೋ ಮಾರ್ಗಸೂಚಿಯಂತೆ, 2 ಸೆಂ.ಮೀ.ಗಿಂತ ಚಿಕ್ಕದಾದ ಕವಲು ನಾಳದ ಐಪಿಎಂಎನ್ ಇರುವವರಿಗೆ 6 ತಿಂಗಳ ನಂತರ ಒಮ್ಮೆ, ಬದಲಾವಣೆ ಇಲ್ಲದಿದ್ದಲ್ಲಿ ಆ ಮೇಲೆ 18 ತಿಂಗಳಿಗೊಮ್ಮೆ ಪರೀಕ್ಷೆ ಸಾಕು. 5 ವರ್ಷ ಹಾಗೆಯೇ ಉಳಿದಲ್ಲಿ ಪರೀಕ್ಷೆಯನ್ನು ನಿಲ್ಲಿಸುವ ಬಗ್ಗೆಯೂ ಯೋಚಿಸಬಹುದು. 3 ಸೆಂ.ಮೀ. ಅಥವಾ ಹೆಚ್ಚಿನ ಗಾತ್ರ, ವೇಗದ ಬೆಳವಣಿಗೆ, ಮುಖ್ಯ ನಾಳದ ಹಿಗ್ಗುವಿಕೆ ಇದ್ದಲ್ಲಿ ಹೆಚ್ಚಿನ ತಪಾಸಣೆ ಅಗತ್ಯ. ಸಿಸ್ಟ್‌ನಿಂದಾಗಿ ಕಾಮಾಲೆ ಬಂದರೆ, ಒಳಗೆ 5 ಮಿ.ಮೀ. ಅಥವಾ ದೊಡ್ಡ ಗಂಟು ಕಂಡರೆ, ಮುಖ್ಯ ನಾಳವು 10 ಮಿ.ಮೀ.ಗೆ ಹಿಗ್ಗಿದ್ದರೆ, ದೇಹಸ್ಥಿತಿ ತಡೆದುಕೊಳ್ಳುವಂತಿದ್ದಲ್ಲಿ, ಶಸ್ತ್ರಚಿಕಿತ್ಸೆಯನ್ನೇ ಸೂಚಿಸಲಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಯಾವ ಫಲಿತಾಂಶ ಬಂದರೂ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲ ಎನ್ನುವಷ್ಟು ದುರ್ಬಲರಾದವರನ್ನು ಕೇವಲ ಗಾತ್ರ ನೋಡುವುದಕ್ಕಾಗಿ ಮತ್ತೆ ಮತ್ತೆ ದೂರದ ಊರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುವುದರಿಂದ ಪ್ರಯೋಜನವಿಲ್ಲ. ಪರೀಕ್ಷೆ ನಿಲ್ಲಿಸಿದರೆ ಹೆತ್ತವರನ್ನು ಕೈಬಿಟ್ಟಂತಾಯಿತು ಎಂದು ಮಕ್ಕಳು ನೊಂದುಕೊಳ್ಳಬೇಕಾಗಿಲ್ಲ. 75 ವರ್ಷ ದಾಟಿದವರಲ್ಲಿ ಈ ವಿಷಯವನ್ನು ರೋಗಿಯ ಎದುರಿನಲ್ಲಿಯೇ, ಅವರ ಇಚ್ಛೆಯನ್ನು ಕೇಳಿ, ವೈದ್ಯರೊಡನೆ ಚರ್ಚಿಸುವುದು ಉಚಿತ.

ಔಷಧಿಗಳು

ಸಿಸ್ಟ್‌ನ್ನು ಕರಗಿಸುವುದೆಂದು ಸಾಬೀತಾದ ಮಾತ್ರೆಯಾಗಲಿ, ಕಷಾಯವಾಗಲಿ, ಪಥ್ಯವಾಗಲಿ ಇಲ್ಲ. ಜೀರ್ಣರಸ ಕಡಿಮೆಯಾಗಿ ಜಿಡ್ಡಿನ ಮಲ ಹೋಗುತ್ತಿದ್ದಲ್ಲಿ ಕಿಣ್ವದ ಮಾತ್ರೆಗಳನ್ನು ಊಟದ ಜೊತೆ ಕೊಡಲಾಗುತ್ತದೆ. ಇದು ಜೀರ್ಣಕ್ರಿಯೆಗೆ ಸಹಾಯವೇ ಹೊರತು ಸಿಸ್ಟ್‌ಗೆ ಮದ್ದಲ್ಲ. ಮದ್ಯಪಾನ ಮತ್ತು ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸುವುದು ಯಾವ ವಯಸ್ಸಿನಲ್ಲಿಯೂ ಲಾಭಕರ.

ದ್ರವವನ್ನು ಹೊರಹರಿಸುವ ಕ್ರಮ

ಇದು ಮುಖ್ಯವಾಗಿ ಹುಸಿ ಸಿಸ್ಟ್‌ಗೆ ಅನ್ವಯಿಸುತ್ತದೆ. ಎಷ್ಟೋ ಹುಸಿ ಸಿಸ್ಟ್‌ಗಳು ತಾವಾಗಿಯೇ ಕುಗ್ಗುತ್ತವೆ, ಆರು ಸೆಂ.ಮೀ. ಮೀರಿದರೆ ಹರಿಸಲೇಬೇಕೆಂಬ ಹಳೆಯ ನಿಯಮವನ್ನು ಈಗ ಪಾಲಿಸುವುದಿಲ್ಲ. ನೋವು, ಸೋಂಕು, ಜಠರ ಅಥವಾ ಪಿತ್ತನಾಳದ ಮೇಲೆ ಒತ್ತಡ ಇದ್ದಲ್ಲಿ ಮಾತ್ರ ಕ್ರಮ ಕೈಗೊಳ್ಳಲಾಗುತ್ತದೆ. ಗೋಡೆ ಗಟ್ಟಿಯಾಗಲು ಸಾಮಾನ್ಯವಾಗಿ ನಾಲ್ಕು ವಾರಗಳಾದರೂ ಬೇಕು. ಬಳಿಕ ಎಂಡೋಸ್ಕೋಪಿಯ ಮೂಲಕ ಜಠರದ ಗೋಡೆಯಿಂದ ಸಿಸ್ಟ್‌ಗೆ ದಾರಿ ಮಾಡಿ ಸ್ಟೆಂಟ್ ಇರಿಸಿದರೆ ದ್ರವವು ಜಠರಕ್ಕೆ ಹರಿದುಹೋಗುತ್ತದೆ. ಹೊಟ್ಟೆಯ ಮೇಲೆ ಕೊಯ್ತವಿರುವುದಿಲ್ಲ. ಲೋಹದ ಸ್ಟೆಂಟ್ ಹಾಕಿದ್ದಲ್ಲಿ ಅದನ್ನು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳೊಳಗೆ ತೆಗೆಸತಕ್ಕದ್ದು. ನೋವು ಹೋಯಿತೆಂದು ಆ ದಿನಾಂಕವನ್ನು ಮರೆತರೆ ರಕ್ತಸ್ರಾವದ ಅಪಾಯವಿದೆ. ಎಂಡೋಸ್ಕೋಪಿ ಸಾಧ್ಯವಾಗದಾಗ ಚರ್ಮದ ಮೂಲಕ ನಳಿಕೆ ಇಳಿಸುವ ವಿಧಾನವೂ ಇದೆ.

ಹಿಂದೆ ಎಂದೂ ಉರಿಯೂತವಾಗದ ಹಿರಿಯರಲ್ಲಿ ಸಿಸ್ಟ್ ಕಂಡರೆ ಅದನ್ನು ಹುಸಿ ಸಿಸ್ಟ್ ಎಂದು ಊಹಿಸಿ ಹರಿಸಲಾಗದು. ಲೋಳೆಯ ಸಿಸ್ಟ್‌ನ ದ್ರವವನ್ನು ತೆಗೆದರೂ ಗೋಡೆಯ ಜೀವಕೋಶಗಳು ಉಳಿದು ಚೀಲ ಮತ್ತೆ ತುಂಬಿಕೊಳ್ಳುತ್ತದೆ.

ಒಳಪದರವನ್ನು ನಾಶಪಡಿಸುವ ಕ್ರಮ

ಈ ಕಾರಣದಿಂದಲೇ, ಸೂಜಿಯ ಮೂಲಕ ಸಿಸ್ಟ್‌ನೊಳಗೆ ಆಲ್ಕೋಹಾಲ್ ಅಥವಾ ಕ್ಯಾನ್ಸರ್ ನಿರೋಧಕ ಔಷಧ ತುಂಬಿ ಒಳಪದರವನ್ನು ಕೊಲ್ಲುವ ಪ್ರಯತ್ನ ನಡೆದಿದೆ. ಆಲ್ಕೋಹಾಲ್‌ನಿಂದ ತೊಳೆಯುವ ವಿಧಾನದ ಮೊದಲ ವರದಿ 2005ರಲ್ಲಿ ಬೋಸ್ಟನ್‌ನಿಂದ ಬಂದಿತು. 2017ರಲ್ಲಿ ಪ್ರಕಟವಾದ, 39 ರೋಗಿಗಳ ಒಂದು ಪ್ರಯೋಗದಲ್ಲಿ ಪ್ಯಾಕ್ಲಿಟಾಕ್ಸೆಲ್ ಮತ್ತು ಜೆಮ್‌ಸಿಟಾಬಿನ್ ಔಷಧಗಳನ್ನು ಬಳಸಲಾಯಿತು. ಮೊದಲು ಆಲ್ಕೋಹಾಲ್‌ನಿಂದ ತೊಳೆದವರಲ್ಲಿ ಶೇ. 61ರಷ್ಟು, ತೊಳೆಯದವರಲ್ಲಿ ಶೇ. 67ರಷ್ಟು ಜನರ ಸಿಸ್ಟ್ ಒಂದು ವರ್ಷದ ನಂತರ ಪೂರ್ಣವಾಗಿ ಮಾಯವಾಗಿತ್ತು; ಆಲ್ಕೋಹಾಲ್ ಇಲ್ಲದ ಗುಂಪಿನಲ್ಲಿ ತೊಡಕುಗಳೂ ಕಡಿಮೆ. ರೇಡಿಯೋ ತರಂಗದ ಶಾಖದಿಂದ ಸುಡುವ ವಿಧಾನವೂ ಅಧ್ಯಯನದಲ್ಲಿದೆ. ಹೊಟ್ಟೆನೋವು ಮತ್ತು ಗ್ರಂಥಿಯ ಉರಿಯೂತ ಇವುಗಳ ತೊಡಕುಗಳು. ಸಿಸ್ಟ್ ಮಾಯವಾದವರಿಗೂ ನಂತರದ ಸ್ಕ್ಯಾನ್ ತಪ್ಪುವುದಿಲ್ಲ. ಈ ವಿಧಾನಗಳು ವಾಡಿಕೆಯ ಚಿಕಿತ್ಸೆಯಲ್ಲ. ಶಸ್ತ್ರಚಿಕಿತ್ಸೆ ಬೇಕಾಗಿದ್ದರೂ ತಾಳಿಕೊಳ್ಳಲಾಗದವರಿಗೆ, ನುರಿತ ಕೇಂದ್ರಗಳಲ್ಲಿ ಮಾತ್ರ ಪರಿಗಣಿಸತಕ್ಕವು. ಚಿಕ್ಕ, ನಿರಪಾಯಕಾರಿ ಸಿಸ್ಟ್‌ಗೆ ಯಾರಾದರೂ ಇದನ್ನು ಸೂಚಿಸಿದಲ್ಲಿ ಎರಡನೆಯ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

ಆಸ್ಪತ್ರೆಗೆ ಹೋಗುವಾಗ

ಹಳೆಯ ಸ್ಕ್ಯಾನ್‌ಗಳ ವರದಿಯಷ್ಟೇ ಅಲ್ಲದೆ ಫಿಲ್ಮ್ ಅಥವಾ ಸಿ.ಡಿ.ಯನ್ನೂ ಕೊಂಡೊಯ್ಯತಕ್ಕದ್ದು, ಸಿಸ್ಟ್ ಬೆಳೆದಿದೆಯೇ ಎಂಬುದು ಹೋಲಿಕೆಯಿಂದಲೇ ತಿಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಎಂಡೋಸ್ಕೋಪಿಗೆ ಮುನ್ನ ಅದನ್ನು ತಿಳಿಸಬೇಕು. ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸಬಾರದು.

ಕಣ್ಣು ಅಥವಾ ಮೂತ್ರ ಹಳದಿಯಾಗುವುದು, ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು, ಚಳಿಜ್ವರ, ರಕ್ತವಾಂತಿ ಅಥವಾ ಕಪ್ಪು ಮಲ ಕಂಡುಬಂದಲ್ಲಿ ಮುಂದಿನ ಸ್ಕ್ಯಾನ್ ದಿನಾಂಕಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ತೆರಳಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಇಳಿವಯಸ್ಸಿನಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಳ್ಳುವುದು ಅಥವಾ ಹತೋಟಿಯಲ್ಲಿದ್ದ ಸಕ್ಕರೆ ಏಕಾಏಕಿ ಏರುವುದು ಕಂಡಲ್ಲಿ ಕೆಲವೇ ದಿನಗಳೊಳಗೆ ವೈದ್ಯರನ್ನು ಕಾಣತಕ್ಕದ್ದು.