ಮದುವೆ ಊಟದ ದೋಣಿ ಹೋಟೆಲಾದ ಕಥೆ

ಮೊಬೈಲಿನಲ್ಲಿ ನಾವೆಲ್ಲ ನೋಡಿರುವ ಚಿತ್ರವಿದು: ಕಡಲ ಮೇಲೆ ದೀಪಗಳಿಂದ ಝಗಮಗಿಸುವ ಚೀನಾ ಅರಮನೆ. ಅದು ಹಾಂಗ್‌ಕಾಂಗ್‌ನ ಅಬರ್ಡೀನ್ ಬಂದರಿನ ತೇಲುವ ಹೋಟೆಲು, ಜಂಬೋ. ಅಲ್ಲಿ ಮೀನೂಟವೇ ವಿಶೇಷವಾಗಿತ್ತು.

ಅದರ ಬೇರು ಇದ್ದದ್ದು ಬಡವರ ದೋಣಿಗಳಲ್ಲಿ. ಆ ಬಂದರಿನ ಮೀನುಗಾರರು ಹುಟ್ಟಿ ಬೆಳೆದು ಸಾಯುತ್ತಿದ್ದದ್ದು ದೋಣಿಯಲ್ಲೇ. ದಡದವರಿಗೆ ಅವರೆಂದರೆ ತಾತ್ಸಾರ. ಮದುವೆ ಬಂದರೆ ದೊಡ್ಡ ದೋಣಿಯೊಂದರಲ್ಲಿ ಪಂಕ್ತಿ ಹಾಕುತ್ತಿದ್ದರು. ಅಂಥ ಊಟದ ದೋಣಿಗಳೇ ಮುಂದೆ ಹೊರಗಿನವರಿಗೂ ಬಡಿಸತೊಡಗಿದವು.

ಜಂಬೋ ಶುರುವಾದದ್ದು 1976ರಲ್ಲಿ. ಆದರೆ 1971ರಲ್ಲೇ, ಇನ್ನೂ ಬಾಗಿಲು ತೆರೆಯುವ ಮೊದಲೇ, ಬೆಂಕಿ ಬಿದ್ದು 34 ಜನ ಸತ್ತಿದ್ದರು. ನಾವು ಹಂಚಿಕೊಳ್ಳುವ ಚಿತ್ರಗಳಲ್ಲಿ ಆ ಹೊಗೆ ಕಾಣುವುದಿಲ್ಲ. ಮತ್ತೆ ಕಟ್ಟಿದಾಗ ಒಟ್ಟಿಗೆ 2,300 ಜನ ಊಟಕ್ಕೆ ಕೂರುವಷ್ಟು ದೊಡ್ಡದಾಯಿತು. ಗಿರಾಕಿಗಳು ಪುಟ್ಟ ದೋಣಿಗಳಲ್ಲಿ ಬರುತ್ತಿದ್ದರು. ಅತ್ತ ದೋಣಿವಾಸಿಗಳಲ್ಲಿ ಬಹುಪಾಲು ಜನ ದಡದ ಸರ್ಕಾರಿ ವಸತಿಗೆ ಹೋದರು. ನೋಟ ಉಳಿಯಿತು, ಆ ನೋಟದಲ್ಲಿದ್ದವರು ಚದುರಿದರು.

2020ರಲ್ಲಿ ಕೊರೊನಾ ಬಂದು ಹೋಟೆಲು ಮುಚ್ಚಿತು. 2022ರ ಜೂನ್‌ನಲ್ಲಿ ಬೇರೆಡೆಗೆ ಎಳೆದೊಯ್ಯುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮಗುಚಿತು. ಅಬರ್ಡೀನ್‌ನಲ್ಲಿ ಪುಟ್ಟ ದೋಣಿಗಳು ಪ್ರವಾಸಿಗರನ್ನು ಈಗಲೂ ಸುತ್ತಾಡಿಸುತ್ತವೆ.