ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022 ಬಲವಂತ, ವಂಚನೆ, ಆಮಿಷ ಅಥವಾ ವಿವಾಹದ ಭರವಸೆಯಿಂದ ಮಾಡಿಸುವ ಮತಾಂತರವನ್ನು ನಿಷೇಧಿಸುವ ರಾಜ್ಯ ಕಾನೂನು. ಜನಬಳಕೆಯಲ್ಲಿ ಇದು 'ಮತಾಂತರ ನಿಷೇಧ ಕಾಯ್ದೆ'. 2011ರ ಜನಗಣತಿಯಂತೆ ಕ್ರೈಸ್ತರು ರಾಜ್ಯದ ಜನಸಂಖ್ಯೆಯ ಶೇ. 1.87ರಷ್ಟಿದ್ದಾರೆ. ಆದರೂ ಈ ಕಾನೂನು ಎರಡು ಪ್ರಮುಖ ಪಕ್ಷಗಳ ನಡುವಿನ ದೊಡ್ಡ ವಿವಾದವಾಯಿತು.

ಹಿನ್ನೆಲೆ

2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯೇ ಮತಾಂತರಗೊಂಡಿದ್ದಾರೆಂದು ವಿಧಾನಸಭೆಯಲ್ಲಿ ಹೇಳಿದರು. ಡಿಸೆಂಬರ್ 23ರಂದು ಬಸವರಾಜ ಬೊಮ್ಮಾಯಿ ನೇತೃತ್ವದ ಬಿಜೆಪಿ ಸರ್ಕಾರದ ವಿಧೇಯಕಕ್ಕೆ ಸಭೆ ಒಪ್ಪಿಗೆ ನೀಡಿತು. ವಿಧಾನ ಪರಿಷತ್ತಿನಲ್ಲಿ ಬಹುಮತವಿಲ್ಲದ ಕಾರಣ 2022ರ ಮೇ 17ರಂದು ಸುಗ್ರೀವಾಜ್ಞೆ ಹೊರಡಿಸಲಾಯಿತು. ಸೆಪ್ಟೆಂಬರ್ 15ರಂದು ಪರಿಷತ್ತೂ ಅನುಮೋದಿಸಿತು.

ಮುಖ್ಯಾಂಶಗಳು

* ಮತಾಂತರ ಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅದನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಲಾಗುತ್ತದೆ.
* ಶಿಕ್ಷೆ 3ರಿಂದ 5 ವರ್ಷ ಸೆರೆವಾಸ ಹಾಗೂ 25,000 ರೂ. ದಂಡ, ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ-ಪಂಗಡದವರ ಪ್ರಕರಣಗಳಲ್ಲಿ 10 ವರ್ಷದವರೆಗೆ ಸೆರೆವಾಸ.
* ಬಂಧುಗಳಷ್ಟೇ ಅಲ್ಲದೆ ಸಹೋದ್ಯೋಗಿಗಳೂ ದೂರು ನೀಡಬಹುದು. ನಿರಪರಾಧಿತ್ವ ಸಾಬೀತುಪಡಿಸುವ ಹೊಣೆ ಆರೋಪಿಯದು.
* ಹಿಂದಿನ ಧರ್ಮಕ್ಕೆ ಮರಳುವುದು ಮತಾಂತರವಲ್ಲ.

ವಾದ-ಪ್ರತಿವಾದ

ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕನ್ನು ನೀಡಿದೆ. ಅದರಲ್ಲಿ ಅನ್ಯರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಸಮರ್ಥಕರಿಗೆ ಈ ತೀರ್ಪೇ ಆಧಾರ. ಆತ್ಮಸಾಕ್ಷಿಯ ನಿರ್ಧಾರವನ್ನು ಸಾರ್ವಜನಿಕ ಆಕ್ಷೇಪಣೆಗೆ ಒಡ್ಡುವುದು ಅದೇ ವಿಧಿಗೆ ವಿರುದ್ಧವೆಂಬುದು ವಿರೋಧಿಗಳ ವಾದ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಕಾನೂನನ್ನು ವಿರೋಧಿಸಿದರು. ಕಾಂಗ್ರೆಸ್ ಆಕ್ಷೇಪಿಸಿದಾಗ, ಅದರ ಆಡಳಿತದಲ್ಲೇ 2016ರಲ್ಲಿ ಕರಡು ಸಿದ್ಧವಾಗಿತ್ತೆಂದು ಬಿಜೆಪಿ ಪ್ರತಿಪಾದಿಸಿತು. ಅಧಿಕಾರ ಬದಲಾದ ಬಳಿಕ 2023ರ ಜೂನ್ 15ರಂದು ಸಿದ್ದರಾಮಯ್ಯ ಸಚಿವ ಸಂಪುಟ ಕಾನೂನನ್ನು ರದ್ದುಪಡಿಸಲು ನಿರ್ಧರಿಸಿತು.