ಇಬ್ಬರು ಕೂತ ಮೇಲೆ ಮಾತು ಬೇಕಲ್ಲ: ಹೋಮ್‌ಬಿಲ್ಟ್ ವಿಮಾನಗಳ ಇಂಟರ್‌ಕಾಮ್ ನಡೆದು ಬಂದ ದಾರಿ

ಮನೆಯಲ್ಲೇ ಕಟ್ಟಿ ಹಾರಿಸುವ ವಿಮಾನಗಳ ಬಗ್ಗೆ ಬರೆಯುವವರು ಎಂಜಿನ್ನಿಗೆ ಪುಟಗಟ್ಟಲೆ ಕೊಡುತ್ತಾರೆ, ಬಣ್ಣದ ಪರದೆಗಳಿಗೆ ಅದಕ್ಕಿಂತ ಹೆಚ್ಚು. ಇಂಟರ್‌ಕಾಮ್‌ಗೆ ಒಂದು ಸಾಲು ಸಿಕ್ಕರೆ ಪುಣ್ಯ. ಆ ಸಾಲೂ ‘ಅದು ರೇಡಿಯೊ ಜೊತೆಗೇ ಬರುತ್ತದೆ’ ಎಂದು ಮುಗಿಯುತ್ತದೆ. ದುಬಾರಿ ಹೆಡ್‌ಸೆಟ್ ಕೊಂಡರೆ ಗದ್ದಲ ತೊಲಗಿತು ಎಂಬ ನಂಬಿಕೆಯೂ ಬೇರೂರಿದೆ. ಪ್ಯಾನೆಲ್ ಹಿಂದೆ ತಲೆ ತೂರಿಸಿ ವೈರ್ ಎಳೆದವರಿಗೆ ಗೊತ್ತಿರುವ ಸಂಗತಿ ಬೇರೆ: ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಹುಟ್ಟುವುದು ಹೆಚ್ಚಾಗಿ ಪೆಟ್ಟಿಗೆಯೊಳಗಲ್ಲ, ಗ್ರೌಂಡಿನಲ್ಲಿ, ಅಂದರೆ ಕರೆಂಟು ವಾಪಸಾಗುವ ದಾರಿಯಲ್ಲಿ.

ಆರಂಭದ ಕಥೆ ಚಿಕ್ಕದು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ನಡೆಸಿದ ತರಬೇತಿ ಶಾಲೆ ಮಾತಿನ ಕೊಳವೆಯೊಂದನ್ನು ಬಳಕೆಗೆ ತಂದಿತು. ಗುರು ಊದಿದ್ದು ಶಿಷ್ಯನ ಕಿವಿಗೆ. ಆಮೇಲೆ ಬಂದ ಕಾರ್ಬನ್ ಮೈಕಿಗೆ ಕೆಲವು ವೋಲ್ಟಿನ ಡಿಸಿ ಬೇಕಿತ್ತು. ಕಾರ್ಬನ್ ಹೋಯಿತು, ವೋಲ್ಟು ಉಳಿಯಿತು. ಇಂದಿನ ಎಲೆಕ್ಟ್ರೆಟ್ ಮೈಕಿನೊಳಗಿನ ಪುಟ್ಟ ಆಂಪ್ಲಿಫೈಯರ್ ಅದನ್ನೇ ತಿಂದು ಬದುಕುತ್ತದೆ. 1953ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಾಲ್ ಪೊಬೆರೆಜ್ನಿ ಹವ್ಯಾಸಿ ವಿಮಾನ ಕಟ್ಟುವವರ ಇಎಎ ಸಂಘ ಆರಂಭಿಸಿದಾಗ ಅವರ ಕನಸು ಬೇಬಿ ಏಸ್‌ನಂಥ ಒಂಟಿ ಆಸನದ ವಿಮಾನ. ಅದರಲ್ಲಿ ಮಾತಾಡಲು ಇನ್ನೊಬ್ಬರೇ ಇರಲಿಲ್ಲ.

ನಿಜವಾದ ಅಗತ್ಯ ಹುಟ್ಟಿದ್ದು ಬರ್ಟ್ ರುಟಾನರ ಲಾಂಗ್-ಇಝಡ್, ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ಆರ್‌ವಿ-4 ಬಂದ ಮೇಲೆ. ಎರಡರಲ್ಲೂ ಇಬ್ಬರು ಹಿಂದೆ ಮುಂದೆ ಕೂರಬೇಕು. ಕಾಕ್‌ಪಿಟ್ ಸದ್ದು 90 ಡೆಸಿಬೆಲ್ ದಾಟಿದರೆ ಹಿಂದಿನವರ ಕೂಗು ಮುಂದಿನವರಿಗೆ ಕೇಳದು. ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಹೆಡ್‌ಸೆಟ್ಟು, ಬ್ಯಾಟರಿಯಲ್ಲಿ ನಡೆಯುವ ಕೈಪೆಟ್ಟಿಗೆ, ಕಾಲಿಗೆ ತೊಡರುವ ವೈರುಗಳು: ಆ ಕಾಲದ ಇಂಟರ್‌ಕಾಮ್ ಎಂದರೆ ಇಷ್ಟೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ವಿಮಾನವೂ ಲಾಂಗ್-ಇಝಡ್ ವಿನ್ಯಾಸವನ್ನೇ ಆಧರಿಸಿತ್ತು. ನಮ್ಮವರು ಅದನ್ನು ನೆನೆಯುವುದು ಕಡಿಮೆ.

ಇಂಟರ್‌ಕಾಮ್ ವೈರಿಂಗ್ ವಿದ್ಯೆ ಶಾಸ್ತ್ರವಾಗಿದ್ದು ನಮ್ಮ ಪೀಳಿಗೆಯಲ್ಲಿ. ಅದರ ಶ್ರೇಯ ಬಹುಮಟ್ಟಿಗೆ ಕಾನ್ಸಾಸ್‌ನ ಬಾಬ್ ನಕಲ್ಸ್ ಅವರಿಗೆ ಸಲ್ಲಬೇಕು. ಅವರ ‘ದಿ ಏರೋಎಲೆಕ್ಟ್ರಿಕ್ ಕನೆಕ್ಷನ್’ ಪುಸ್ತಕ ಯಾವ ಬ್ರ್ಯಾಂಡ್ ಕೊಳ್ಳಬೇಕೆಂದು ಹೇಳುವುದಕ್ಕಿಂತ ಕರೆಂಟು ಯಾವ ದಾರಿಯಲ್ಲಿ ವಾಪಸು ಬರುತ್ತದೆಂದು ಕಲಿಸಿತು. ಮೈಕ್ ಜ್ಯಾಕನ್ನೇ ನೋಡಿ. ಅಲ್ಯುಮಿನಿಯಂ ಪಟ್ಟಿಗೆ ತೂತು ಕೊರೆದು ನೇರ ಬಿಗಿದರೆ ಅದರ ಹೊರಕವಚ ವಿಮಾನದ ಮೈಗೆ ತಗಲುತ್ತದೆ. ಆಲ್ಟರ್ನೇಟರಿನ ಕರೆಂಟು ಅದೇ ಮೈಯಲ್ಲಿ ವಾಪಸಾಗುವಾಗ ಎರಡು ಜಾಗಗಳ ನಡುವೆ ಕೆಲವು ಮಿಲಿವೋಲ್ಟ್ ಏರುಪೇರಾಗುತ್ತದೆ. ಮೈಕಿನ ದನಿಯೂ ಮಿಲಿವೋಲ್ಟುಗಳ ಲೆಕ್ಕದ್ದೇ. ಇಂಟರ್‌ಕಾಮ್ ಎರಡನ್ನೂ ಭೇದವಿಲ್ಲದೆ ಹಿಗ್ಗಿಸುತ್ತದೆ. ಎಂಜಿನ್ ವೇಗದ ಜೊತೆ ಸದ್ದಿನ ಶ್ರುತಿ ಏರಿತೆಂದರೆ ಆಲ್ಟರ್ನೇಟರ್. ಟಿಕ್‌ಟಿಕ್ ಎಂದರೆ ಇಗ್ನಿಷನ್ ಕಡೆ ನೋಡಿ.

ಇದಕ್ಕೆ ಮದ್ದು ಅಗ್ಗದ್ದು. ತೂತಿನೊಳಗೆ ಭುಜವಿರುವ ಫೈಬರ್ ವಾಷರ್, ಹಿಂದೆ ಚಪ್ಪಟೆ ವಾಷರ್. 22 ಗೇಜಿನ ಶೀಲ್ಡ್ ವೈರ್. ಶೀಲ್ಡ್ ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಗ್ರೌಂಡಿಗೆ, ಇನ್ನೊಂದು ತುದಿ ಕತ್ತರಿಸಿ ಮುಚ್ಚಿರಬೇಕು. ಜ್ಯಾಕಿನ ಗ್ರೌಂಡಿಗೆ ಒಳಗೇ ಬೇರೆ ವೈರ್. ಇಂಟರ್‌ಕಾಮ್‌ಗೆ ಡಿ-ಸಬ್ ಕನೆಕ್ಟರ್ ಸಿಕ್ಕಿಸುವ ಮೊದಲು ಮೀಟರಿನ ಒಂದು ಮುಳ್ಳು ಜ್ಯಾಕಿನ ಕವಚಕ್ಕೆ, ಇನ್ನೊಂದು ವಿಮಾನದ ಮೈಗೆ ಮುಟ್ಟಿಸಿ: ಬೀಪ್ ಬಂದರೆ ವಾಷರ್ ಕೂತಿಲ್ಲ.

ಇಂಟರ್‌ಕಾಮ್ ಆಯ್ಕೆಯ ಜಾಣ್ಮೆಯೂ ಆಗಲೇ ಪಕ್ವವಾಯಿತು. ಮಾತಿಲ್ಲದಾಗ ಮೈಕ್ ಮುಚ್ಚಿಡುವ ಸ್ಕ್ವೆಲ್ಚ್ ಎಲ್ಲ ಮೈಕುಗಳಿಗೂ ಒಂದೇ ಇದ್ದರೆ ಒಬ್ಬರು ಬಾಯಿ ತೆರೆದೊಡನೆ ಎಲ್ಲರ ಮೈಕಿನ ಗಾಳಿಸದ್ದೂ ಒಳಗೆ. ಗುಂಡಿಯನ್ನು ತುಸು ಬಿಗಿಯಾಗಿ ತಿರುಗಿಸಿದರೆ ಮೊದಲ ಅಕ್ಷರ ನುಂಗಿಹೋಗಿ ‘ಟ್ರಾಫಿಕ್ ಎಡಕ್ಕೆ’ ಎಂದದ್ದು ‘ಫಿಕ್ ಎಡಕ್ಕೆ’ ಆಗುತ್ತದೆ. ಟೆನೆಸಿಯ ಪಿಎಸ್ ಎಂಜಿನಿಯರಿಂಗ್ ಪ್ರತಿ ಮೈಕಿನ ಗದ್ದಲವನ್ನೂ ಬೇರೆಬೇರೆಯಾಗಿ ಅಳೆದು ತಾನೇ ಹೊಂದಿಸಿಕೊಳ್ಳುವ ಇಂಟೆಲಿವಾಕ್ಸ್ ತಂದದ್ದು ಇದಕ್ಕೆ ಉತ್ತರ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಫೇಲ್‌ಸೇಫ್: ಇಂಟರ್‌ಕಾಮ್‌ನ ಕರೆಂಟು ಹೋದರೂ ಪೈಲಟ್ಟಿನ ಹೆಡ್‌ಸೆಟ್ ನೇರ ರೇಡಿಯೊಗೆ ಸೇರುವ ವ್ಯವಸ್ಥೆ.

ಮುಂದಿನದು ಎಲ್ಲರೂ ಹೇಳುವ ಕಥೆ. 1986ರಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ವಾಯೇಜರ್‌ನಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದಾಗ ಬೋಸ್‌ನ ಸದ್ದುಮುರಿಯುವ ಹೆಡ್‌ಸೆಟ್ ಮಾದರಿಗಳು ಜೊತೆಗಿದ್ದವು. 1989ರಲ್ಲಿ ಆ ಬಗೆಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂತು. ಅದು ಎಂಜಿನ್ ಸದ್ದನ್ನು ಮುರಿಯುತ್ತದೆ, ವೈರಿನಲ್ಲಿ ಬಂದ ಸದ್ದನ್ನಲ್ಲ. ಹೊರಗಡೆ ನಿಶ್ಶಬ್ದವಾದಷ್ಟೂ ಗ್ರೌಂಡಿನ ಗುಂಯ್ ಎದ್ದು ಕೇಳುತ್ತದೆ. ಸ್ಟೀರಿಯೊ, ಬ್ಲೂಟೂತ್ ಬಂದವು; ಹಾಡಿಗೆ ಒಳ್ಳೆಯವು.

ಈಗ ಹಲವು ರೇಡಿಯೊಗಳೊಳಗೇ ಇಂಟರ್‌ಕಾಮ್ ಸೇರಿಹೋಗಿದೆ. ತೂಕ ಉಳಿಯಿತು, ವೈರ್ ಕಡಿಮೆಯಾಯಿತು, ನಿಜ. ಆದರೆ ಆ ಪೆಟ್ಟಿಗೆ ಕೈಕೊಟ್ಟರೆ ಟವರಿನ ಜೊತೆಗಿನ ಮಾತೂ ಪಕ್ಕದವರ ಜೊತೆಗಿನ ಮಾತೂ ಒಟ್ಟಿಗೇ ನಿಲ್ಲಬಹುದು. ಇನ್ನೊಂದು ತೊಡಕೂ ಇದೆ: ಫೈಬರ್ ಮೈಯ ವಿಮಾನಗಳಲ್ಲಿ ಆಂಟೆನಾ ಒಳಗಡೆಯೇ ಇರುವುದುಂಟು. ರೇಡಿಯೊದಲ್ಲಿ ಮಾತಾಡಲು ಪಿಟಿಟಿ ಗುಂಡಿ ಒತ್ತಿದಾಗ ಅದರ ಅಲೆ ಮೈಕ್ ವೈರಿಗೆ ನುಗ್ಗಿ ಕಿರುಚುವ ತೊಂದರೆ ಹಳೆಯದು. ಅದನ್ನು ಮೊದಲಿಂದ ಕೊನೆವರೆಗೆ ವಿವರಿಸುವ ಬರಹ ಇಂದಿಗೂ ಅಪರೂಪ. ಕೈಪಿಡಿ ಯಾವ ಪಿನ್ ಎಲ್ಲಿಗೆಂದು ಹೇಳುತ್ತದೆ, ಸದ್ದು ಬಂದರೆ ಎಲ್ಲಿಂದ ಹುಡುಕಬೇಕೆಂದು ವಿರಳವಾಗಿ ಹೇಳುತ್ತದೆ. ಸಿದ್ಧ ವೈರ್ ಹಾರ್ನೆಸ್ ತರಿಸಿ ಸಿಕ್ಕಿಸುವವರಿಗೆ ಈ ಅಜ್ಞಾನ ಮೊದಲ ದಿನ ತಟ್ಟುವುದಿಲ್ಲ. ವಾಷರ್ ಸಡಿಲವಾದ ದಿನ ತಟ್ಟುತ್ತದೆ. ತನ್ನ ವಿಮಾನವನ್ನು ತಾನೇ ಕಟ್ಟಿದೆ ಎನ್ನುವವರು ಅದರ ಕರೆಂಟಿನ ವಾಪಸು ದಾರಿಯನ್ನಾದರೂ ಕಾಗದದ ಮೇಲೆ ಬರೆದು ತೋರಿಸಬಲ್ಲವರಾಗಿರಬೇಕು. ಯಾವ ಇಂಟರ್‌ಕಾಮ್ ಕೊಳ್ಳಬೇಕೆಂಬ ಪ್ರಶ್ನೆ ಅದಾದ ಮೇಲಿನದು.